ಹಾಲ್‌ಗೆ ಒಂದು ತಲೆ ಬೇಕಂತೆ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಮನೆ ಗೋಡೆಗೆ ಪ್ರಾಣಿಗಳ ತಲೆ ಹಾಕುವ ಫ್ಯಾಷನ್ ಬಗ್ಗೆ ಬಂದ ಬರಹ ಓದಿದೆ. ಫೋಟೋ ಚೆನ್ನಾಗಿತ್ತು, ಬರಹವೂ ಪೂರ್ತಿ ತೆಗೆದುಹಾಕುವಂಥದ್ದಲ್ಲ. ಆದರೆ ಅದರಲ್ಲಿ ಒಂದು ಮಾತಿದೆ. ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿದರೆ ಅಸಲಿ ಬೇಟೆ ಟ್ರೋಫಿಗಳೇ ಸಿಗುತ್ತವೆ, ಅವನ್ನು ತಂದು ಹಾಕಿದರೆ ಹಾಲ್‌ಗೆ ರಾಜಗಾಂಭೀರ್ಯ ಬರುತ್ತದೆ ಅಂತ. ಅದನ್ನು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಆ ಮಾತು ನಂಬಿ ಯಾರಾದರೂ ತಂದು ತೂಗು ಹಾಕಿದರೆ ಗಾಂಭೀರ್ಯ ಬರುವ ಮೊದಲು ಅರಣ್ಯ ಇಲಾಖೆಯವರು ಬರುತ್ತಾರೆ.

ನಾನು ಕಲಬುರಗಿಯಲ್ಲಿ ಇಂಟೀರಿಯರ್ ಕೆಲಸ ಹಿಡಿಯುವವನು. ದೊಡ್ಡ ಡಿಸೈನರ್ ಏನಲ್ಲ. ಪಿಒಪಿ, ಫಾಲ್ಸ್ ಸೀಲಿಂಗ್, ಟಿವಿ ಯೂನಿಟ್, ದೇವರ ಮನೆಗೆ ಜಾಳಿ, ಇಂಥವು. ಗಿರಾಕಿಗಳು ಮೊಬೈಲ್‌ನಲ್ಲಿ ಫೋಟೋ ತೋರಿಸುತ್ತಾರೆ, ಪೇಪರ್ ಕತ್ತರಿಸಿಕೊಂಡು ಬರುತ್ತಾರೆ, ಇದೇ ಥರ ಬೇಕು ಅನ್ನುತ್ತಾರೆ. ಈಚೆಗೆ ಶುರುವಾಗಿರುವುದು ಈ ತಲೆ. "ಅಣ್ಣಾರ, ಸೋಫಾದ ಮ್ಯಾಲಿನ ಗ್ವಾಡಿಗೆ ಒಂದ್ ತಲಿ ಬೇಕ್ರಿ" ಅಂತಾರೆ. ಯಾವುದರ ತಲೆ ಅಂತ ಕೇಳಿದರೆ, ಕೊಂಬು ಇರಬೇಕು ಅಷ್ಟೇ ಅಂತಾರೆ. ಹಾಗಾಗಿ ನಿಮ್ಮ ಪುರವಣಿಯಲ್ಲಿ ಏನು ಬರುತ್ತದೋ ಅದು ಎಂಟು ದಿನದಲ್ಲಿ ನನ್ನ ಅಂಗಡಿಗೆ ಬಂದು ಮುಟ್ಟುತ್ತದೆ. ಅದಕ್ಕೇ ಈ ಪತ್ರ.

ಪ್ರಾಣಿ ತಲೆ ಅಂದ ಕೂಡಲೇ ಛೀ ಅನ್ನುವವನು ನಾನಲ್ಲ. ಅದರಲ್ಲಿ ಒಂದು ಸೆಳೆತ ಇದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಈಗಿನ ಮನೆಗಳನ್ನು ನೋಡಿ. ಕೆಳಗೆ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಪಿವಿಸಿ ಪ್ಯಾನೆಲ್, ಕಪಾಟಿಗೆ ಲ್ಯಾಮಿನೇಟ್. ಎಲ್ಲಾ ನುಣುಪು, ಎಲ್ಲಾ ಚಪ್ಪಟೆ, ಮೇಲಿನ ಮನೆಯಲ್ಲಿ ಇದ್ದದ್ದೇ ಕೆಳಗಿನ ಮನೆಯಲ್ಲೂ. ಮರದ ಗೆರೆ ಅಂತ ನಾವು ತೋರಿಸುವುದು ಕೂಡ ಕಾಗದದ ಮೇಲೆ ಅಚ್ಚು ಹಾಕಿದ ಗೆರೆ, ನಾಲ್ಕು ಶೀಟ್ ಪಕ್ಕಪಕ್ಕ ಇಟ್ಟರೆ ಅದೇ ಗಂಟು ನಾಲ್ಕು ಸಲ ಕಾಣುತ್ತದೆ. ಅಂಥ ಕೋಣೆಯಲ್ಲಿ ಕೂದಲು, ಕೊಂಬು, ಕಿವಿ ಇರುವ ಒಂದು ತಲೆ ಗೋಡೆಯಿಂದ ಎರಡು ಅಡಿ ಮುಂದಕ್ಕೆ ಚಾಚಿಕೊಂಡಿದ್ದರೆ ಒಳಗೆ ಬಂದವರ ಕಣ್ಣು ಬೇರೆ ಎಲ್ಲಿಗೂ ಹೋಗಲ್ಲ. ಮೇಲಿಂದ ಒಂದು ಸ್ಪಾಟ್‌ಲೈಟ್ ಬಿಟ್ಟರೆ ಕೊಂಬಿನ ನೆರಳು ಅರ್ಧ ಗೋಡೆ ತುಂಬುತ್ತದೆ. ಒಂದೇ ಥರದ ಎರಡು ಕೊಂಬು ಲೋಕದಲ್ಲಿ ಇಲ್ಲ ನೋಡಿ, ಕಾರ್ಖಾನೆಯ ಮಾಲಿನ ನಡುವೆ ಅದೊಂದೇ ಬೇರೆ ಅನ್ನಿಸುತ್ತದೆ. ಮತ್ತೆ ಅದು ನಮ್ಮನ್ನು ನೋಡುತ್ತಿರುತ್ತದೆ, ಅಲ್ವಾ? ಪೇಂಟಿಂಗ್‌ನಲ್ಲಿನ ಕಣ್ಣಿಗೂ ಈ ಗಾಜಿನ ಕಣ್ಣಿಗೂ ವ್ಯತ್ಯಾಸ ಇದೆ.

ಇನ್ನೊಂದು ಕಾರಣವೂ ಇದೆ, ಗಿರಾಕಿಗಳು ಅದನ್ನು ಬಾಯಿಬಿಟ್ಟು ಹೇಳಲ್ಲ. ನಮ್ಮದು ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆ. ಜಾಗೀರದಾರರು, ದೇಶಮುಖರು, ದೊಡ್ಡ ಗೌಡರ ವಾಡೆಗಳಲ್ಲಿ ದಿವಾನಖಾನೆ ಅಂದರೆ ಗೋಡೆ ಮೇಲೆ ಒಂದು ಕತ್ತಿ, ಒಂದು ಬಂದೂಕು, ಒಂದು ಚಿಗರಿ, ಅಂದರೆ ಕೃಷ್ಣಮೃಗದ ತಲೆ ಇರುತ್ತಿದ್ದವು. ನೋಡಲು ಹೋದವರು ಕೆಳಗೆ ಜಮಖಾನೆ ಮೇಲೆ ಕೂತಿರುತ್ತಿದ್ದರು. ಈಗ ದುಡ್ಡು ಬಂದಿದೆ, ಪ್ಲಾಟ್ ಇದೆ, ಡ್ಯೂಪ್ಲೆಕ್ಸ್ ಎದ್ದಿದೆ. ಅಜ್ಜ ಜಾಗೀರದಾರನಾಗಿರಲಿಲ್ಲ ಅನ್ನುವುದೊಂದೇ ಕೊರತೆ. ಆ ಕೊರತೆ ತುಂಬಲು ತಲೆ ಬೇಕು. ಇದನ್ನು ಕೊಂಕಾಗಿ ಹೇಳುತ್ತಿಲ್ಲ, ನನ್ನ ಹೊಟ್ಟೆಪಾಡು ನಡೆಯುವುದೇ ಇಂಥ ಆಸೆಗಳಿಂದ.

ಆದರೆ ಅಸಲಿ ತಲೆಯನ್ನು ಹತ್ತಿರದಿಂದ ಎಷ್ಟು ಜನ ನೋಡಿದ್ದಾರೋ ಗೊತ್ತಿಲ್ಲ. ಚಿತ್ತಾಪುರದ ಕಡೆ ಒಂದು ಹಳೇ ವಾಡೆಯ ರಿಪೇರಿಗೆ ಹೋದಾಗ ನಾನು ನೋಡಿದೆ. ನೆಲಕ್ಕೆಲ್ಲ ಶಹಾಬಾದ್ ಕಲ್ಲು, ಎರಡೂವರೆ ಅಡಿ ದಪ್ಪದ ಗೋಡೆ, ಮೇಲೆ ಸಾಗವಾನಿ ತೊಲೆ. ಬಾಗಿಲ ಮೇಲೆ ಗಂಡು ಚಿಗರಿಯ ತಲೆ. ತಿರುಪಿನ ಹಾಗೆ ಸುತ್ತಿದ ಎರಡು ಕೊಂಬು ಮಾತ್ರ ಇನ್ನೂ ಗಟ್ಟಿಯಾಗಿದ್ದವು. ಉಳಿದದ್ದೆಲ್ಲ ಹಾಳು. ಒಂದು ಕಿವಿಯನ್ನು ನುಸಿ ತಿಂದು ಒಳಗಿನ ರಟ್ಟು ಕಾಣುತ್ತಿತ್ತು. ಮೂಗಿನ ಮೇಲೆ ಬಳಿದ ಕಪ್ಪು ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತ್ತು. ಕತ್ತಿನ ಹಿಂದೆ ಹೊಲಿಗೆ ಬಿಟ್ಟು ಬಾಯ್ದೆರೆದಿತ್ತು. ಎಡಗಣ್ಣು ಒಂಚೂರು ಒಳಕ್ಕೆ ಜಾರಿ ಚಿಗರಿ ಎಲ್ಲೋ ಮೇಲೆ ನೋಡುತ್ತಿದ್ದ ಹಾಗೆ ಕಾಣುತ್ತಿತ್ತು. ಕಲಬುರಗಿಯ ಬಿಸಿಲು, ಧೂಳು, ಮಳೆಗಾಲದ ತೇವ, ಇಷ್ಟನ್ನೂ ಯಾವ ಚರ್ಮ ತಡೆಯುತ್ತದೆ ಹೇಳಿ.

ಮನೆಯ ಅಜ್ಜಿ ಬಂದು ನಿಂತರು. "ನಮ್ಮ ಮಾವನೋರು ಹೊಡದದ್ರಿ ಅದು. ಮೊಮ್ಮಕ್ಕಳು ಹೊತ್ತು ಮುಳುಗಿದ ಮ್ಯಾಲ ಆ ಬಾಗಲ್ದಾಗ ಹಾಯಂಗಿಲ್ಲ" ಅಂದರು. ಅದರ ಕಾಗದಪತ್ರ ಏನಾದರೂ ಇದೆಯಾ ಅಮ್ಮ ಅಂತ ಕೇಳಿದೆ. ಟ್ರಂಕಿನಿಂದ ಒಂದು ಸರ್ಟಿಫಿಕೇಟ್ ತೆಗೆದರು. ಸರಿಯಾದ ಕಾಗದವೇ. ಆದರೆ ಮಾವನ ಹೆಸರಲ್ಲಿತ್ತು, ಮಾವ ತೀರಿಕೊಂಡು ಒಂದು ತಲೆಮಾರಾಗಿದೆ. ಹೆಸರು ಬದಲಾಯಿಸಬೇಕು ಅಂತ ಆ ಮನೆಯಲ್ಲಿ ಯಾರಿಗೂ ಹೊಳೆದೇ ಇಲ್ಲ.

ಅಷ್ಟರಲ್ಲಿ ನಮ್ಮ ಹುಡುಗ ಬ್ಲೋವರ್ ಹಿಡಿದು ಅದರ ಧೂಳು ಊದಲು ಏಣಿ ಹತ್ತಿದ್ದ. ಬೇಡ ಇಳಿ ಅಂದೆ. ಇದನ್ನು ನಿಮ್ಮ ಓದುಗರೂ ತಿಳಿದುಕೊಳ್ಳಬೇಕು. ಹಳೇ ಕಾಲದಲ್ಲಿ ಹುಳ ಹಿಡಿಯದಿರಲಿ ಅಂತ ಚರ್ಮದ ಒಳಮೈಗೆ ಆರ್ಸೆನಿಕ್ ಹಾಕಿದ ಸಾಬೂನು ಬಳಿಯುತ್ತಿದ್ದರು. ಆರ್ಸೆನಿಕ್ ಅಂದರೆ ಪಾಷಾಣ. ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸ್‌ನಲ್ಲಿ ಕಂಡುಹಿಡಿದ ಈ ಉಪಾಯ ಇಪ್ಪತ್ತನೇ ಶತಮಾನದಲ್ಲೂ ಬಹಳ ವರ್ಷ ನಡೆಯಿತು. ಹೊಲಿಗೆ ಬಿಟ್ಟ ಕಡೆ, ಕಣ್ಣಿನ ಸುತ್ತ, ಕಿವಿಯ ಬುಡದಲ್ಲಿ ಬಿಳಿ ಪುಡಿ ಕಂಡರೆ ಅದು ಬರೀ ಧೂಳು ಅಂದುಕೊಳ್ಳಬೇಡಿ. ಆ ಪಾಷಾಣ ವರ್ಷಗಳು ಹೋದ ಹಾಗೆ ಕರಗಿ ಹೋಗುವಂಥದ್ದಲ್ಲ. ಅದರ ಕೆಳಗೆ ಮಗುವಿನ ತೊಟ್ಟಿಲು ಕಟ್ಟಿ, ತಲೆಯನ್ನು ಒಣ ಬಟ್ಟೆಯಿಂದ ಪಟಪಟ ಬಡಿದರೆ ಏನಾಗಬಹುದು ಯೋಚಿಸಿ. ಮ್ಯೂಸಿಯಂಗಳಲ್ಲಿ ಇಂಥವನ್ನು ಕೈಗವಸು, ಮಾಸ್ಕ್ ಹಾಕಿಕೊಂಡೇ ಮುಟ್ಟುತ್ತಾರೆ.

ಸತ್ತ ಪ್ರಾಣಿಯನ್ನು ಇದ್ದ ಹಾಗೇ ಕಾಣುವಂತೆ ಮಾಡುವ ಈ ಟ್ಯಾಕ್ಸಿಡರ್ಮಿ ಕಲೆಯ ಬಗ್ಗೆ ನಿಮ್ಮ ಬರಹದಲ್ಲಿ ಒಂದು ಮಾತೂ ಇರಲಿಲ್ಲ, ಅದೂ ಬೇಜಾರಾಯಿತು. ಹುಲ್ಲು ತುಂಬುವುದು ಅಂತ ಬರೆದು ಬಿಟ್ಟಿದ್ದೀರಿ. ಹುಲ್ಲು ತುಂಬುವುದು ಯಾವತ್ತೋ ಹಿಂದಾಯಿತು. ಚರ್ಮ ಸುಲಿದು, ಉಪ್ಪು ಹಾಕಿ, ಹದ ಮಾಡಿ, ಆ ಪ್ರಾಣಿಯ ಮೈಯಳತೆಗೆ ಸರಿಯಾಗಿ ಒಂದು ಅಚ್ಚು ಮಾಡಿ ಅದರ ಮೇಲೆ ಚರ್ಮ ಹೊದಿಸುತ್ತಾರೆ. ಅಮೆರಿಕದ ಕಾರ್ಲ್ ಏಕ್ಲಿ ಅನ್ನುವವರು ಮೊದಲು ಜೇಡಿಮಣ್ಣಿನಲ್ಲಿ ಸ್ನಾಯು, ನರ ಎಲ್ಲಾ ಕಾಣುವ ಹಾಗೆ ಪ್ರಾಣಿಯ ಮೈ ತಿದ್ದಿ, ಅದರಿಂದ ಕಾಗದದ ಹಗುರ ಅಚ್ಚು ತೆಗೆಯುತ್ತಿದ್ದರು. ಅಂದರೆ ಅದು ಶಿಲ್ಪಿಯ ಕೆಲಸ. ಈಗ ಕಾಗದದ ಬದಲು ಫೋಮ್ ಬಂದಿದೆ. ನಮ್ಮ ಮೈಸೂರಿನಲ್ಲೇ ವ್ಯಾನ್ ಇಂಗೆನ್ ಅನ್ನುವ ಕುಟುಂಬದ ಕಾರ್ಖಾನೆ ಇತ್ತು, ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು ದೇಶದ ಎಲ್ಲೆಲ್ಲಿಂದಲೋ ಹುಲಿ, ಚಿರತೆ ಚರ್ಮ ಅಲ್ಲಿಗೇ ಕಳಿಸುತ್ತಿದ್ದರು. ಅದು 1999ರಲ್ಲಿ ಮುಚ್ಚಿತು. ಅವರ ಕೈಕೆಲಸ ಎಷ್ಟು ಚೆಂದ ಅಂದರೆ ಹುಲಿಯ ತುಟಿಯ ಮಡಿಕೆ, ನಾಲಿಗೆಯ ಒರಟು ಕೂಡ ಅಚ್ಚುಕಟ್ಟಾಗಿ ಬರುತ್ತಿತ್ತು. ಆದರೆ ಲೆಕ್ಕ ಹಾಕಿದರೆ ಆ ಒಂದೇ ಕಾರ್ಖಾನೆಯಲ್ಲಿ ಸಾವಿರಾರು ಹುಲಿ, ಚಿರತೆಗಳ ಕಥೆ ಮುಗಿದು ಹೋಗಿದೆ.

ಹುಲ್ಲು ತುಂಬುವುದು ಅಂದ ಮೇಲೆ ನೆನಪಾಯಿತು. ನಮ್ಮ ಹಳ್ಳಿಗಳಲ್ಲೂ ಒಂದು ಬಗೆಯ ಟ್ಯಾಕ್ಸಿಡರ್ಮಿ ಇತ್ತು. ಎಮ್ಮೆಯ ಕರು ಸತ್ತರೆ ಅದರ ಚರ್ಮ ಸುಲಿದು ಒಣಗಿಸಿ, ಒಳಗೆ ಹುಲ್ಲು ತುಂಬಿ, ಕಾಲಿಗೆ ಕೋಲು ಕೊಟ್ಟು ಎಮ್ಮೆಯ ಮುಂದೆ ನಿಲ್ಲಿಸುತ್ತಿದ್ದರು. ಎಮ್ಮೆ ಅದನ್ನು ಮೂಸಿ ನೆಕ್ಕಿ ತೊರೆ ಬಿಡುತ್ತಿತ್ತು, ಆಮೇಲೆ ಹಾಲು ಕರೆಯುತ್ತಿದ್ದರು. ಚಿಕ್ಕವನಿದ್ದಾಗ ಅದನ್ನು ನೋಡಿ ನನಗೆ ಹೇಸಿಗೆಯೂ ಆಗಿತ್ತು, ಅಲ್ಲಿಂದ ಕಣ್ಣು ಕೀಳಲೂ ಆಗಿರಲಿಲ್ಲ. ದೊಡ್ಡವರ ದಿವಾನಖಾನೆಯ ತಲೆ ನೋಡುವಾಗ ಆಗುವುದೂ ಇದೇ. ಸತ್ತಿದೆ ಅಂತ ಗೊತ್ತು, ಆದರೂ ಇದ್ದ ಹಾಗಿದೆ.

ಈಗ ಕಾನೂನಿನ ಮಾತು. ನಿಮ್ಮ ಬರಹ ಪೂರ್ತಿ ಬಿಟ್ಟಿರುವುದು ಇದನ್ನೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿಯ ಸ್ಟಫ್ ಮಾಡಿದ ತಲೆ, ಚರ್ಮ ಮಾತ್ರ ಅಲ್ಲ, ಕೊಂಬು, ಉಗುರು, ಹಲ್ಲು ಎಲ್ಲವೂ ಟ್ರೋಫಿಯೇ. ಮಾಲೀಕತ್ವದ ಸರ್ಟಿಫಿಕೇಟ್ ಇದ್ದರೆ ಮನೆಯಲ್ಲಿ ಇಟ್ಟುಕೊಳ್ಳಬಹುದು, ಆದರೆ ಮಾರುವಂತಿಲ್ಲ. ಸರ್ಟಿಫಿಕೇಟ್ ಇದ್ದರೂ ಮಾರುವಂತಿಲ್ಲ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು ನೀವು. 2003ರ ತಿದ್ದುಪಡಿ ಆದ ಮೇಲೆ ಇಂಥ ವಸ್ತು ಹೊಸಬರ ಕೈಗೆ ಬರಲು ಇರುವ ದಾರಿ ವಾರಸುದಾರಿಕೆ ಒಂದೇ. ಅದಾದರೂ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು. ಆ ಅಜ್ಜಿಯ ಮನೆಯವರು ಮಾಡದೇ ಬಿಟ್ಟದ್ದು ಇಂಥ ಕೆಲಸವನ್ನೇ. ಅಂದ ಮೇಲೆ ಹಳೇ ಸಾಮಾನಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದು ಯಾವ ಲೆಕ್ಕದಲ್ಲೂ ಸರಿಯಾಗಲ್ಲ. "ಇದು ನೂರು ವರ್ಷ ಹಳೇದು, ಕಾಯ್ದೆಗಿಂತ ಮೊದಲಿನದು" ಅಂತ ಅಂಗಡಿಯವನು ಹೇಳಬಹುದು, ಆ ಮಾತು ಕೋರ್ಟಿನಲ್ಲಿ ನಡೆಯಲ್ಲ. ನಮ್ಮ ಚಿಗರಿ ಆ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ದಂಡ ಕನಿಷ್ಠ 25 ಸಾವಿರ.

ಇದೆಲ್ಲ ಪುಸ್ತಕದ ಮಾತು, ಯಾರು ಬಂದು ನೋಡುತ್ತಾರೆ ಅನ್ನುವವರಿಗೆ 2023ರ ಅಕ್ಟೋಬರ್ ನೆನಪಿರಬೇಕು. ಟಿವಿ ರಿಯಾಲಿಟಿ ಶೋನಲ್ಲಿದ್ದವರೊಬ್ಬರ ಕೊರಳಲ್ಲಿ ಹುಲಿ ಉಗುರಿನ ಪೆಂಡೆಂಟ್ ಕಂಡಿತು, ಅರಣ್ಯ ಇಲಾಖೆ ಅವರನ್ನು ಶೋನಿಂದಲೇ ಬಂಧಿಸಿ ಕರೆದುಕೊಂಡು ಹೋಯಿತು. ಆಮೇಲೆ ರಾಜ್ಯದ ತುಂಬ ಎಷ್ಟು ಪೆಂಡೆಂಟ್‌ಗಳು ಕಪಾಟು ಸೇರಿದವೋ ದೇವರಿಗೇ ಗೊತ್ತು. 2024ರ ಶುರುವಿನಲ್ಲಿ ಸರ್ಕಾರ, ಇಂಥವು ಇದ್ದರೆ ಇಷ್ಟು ದಿನದೊಳಗೆ ವಾಪಸ್ ಕೊಟ್ಟುಬಿಡಿ ಅಂತ ಒಂದು ಅವಕಾಶವನ್ನೂ ಕೊಟ್ಟಿತ್ತು. ಆಗ ಅರಣ್ಯ ಸಚಿವರು ಈಶ್ವರ ಖಂಡ್ರೆ, ನಮ್ಮ ಭಾಲ್ಕಿಯವರೇ. ಬೀದರ್ ಜಿಲ್ಲೆಯ ಮಂತ್ರಿ ಅಷ್ಟೊಂದು ಹೇಳಿದ ಮೇಲೂ ನಮ್ಮ ಭಾಗದ ಪುರವಣಿಯಲ್ಲೇ ಟ್ರೋಫಿ ಹುಡುಕಿ ಅಂತ ಬರುವುದು ತಮಾಷೆಯಾಗಿದೆ.

ಇನ್ನು ಕೆಲವರು ಕೇಳುತ್ತಾರೆ, ಫಾರಿನ್‌ನಲ್ಲಿ ರಾಜಾರೋಷವಾಗಿ ಮಾರುತ್ತಾರಲ್ಲ ಅಂತ. ಮಾರುತ್ತಾರೆ, ನಿಜ. ಪ್ಯಾರಿಸ್‌ನಲ್ಲಿ 1831ರಿಂದ ನಡೆದು ಬಂದಿರುವ ದೆರೋಲ್ ಅನ್ನುವ ಅಂಗಡಿ ಇದೆ. 2008ರಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟರೂ ಮತ್ತೆ ಎದ್ದು ನಿಂತಿದೆ. ಅಲ್ಲಿ ಸಿಂಹವೂ ಸಿಗುತ್ತದೆ, ಜೀಬ್ರಾವೂ ಸಿಗುತ್ತದೆ. ಆದರೆ ಈಗ ಅವರು ಬೇಟೆಯಾಡಿದ ಪ್ರಾಣಿ ಮುಟ್ಟಲ್ಲ, ಮೃಗಾಲಯ, ಸರ್ಕಸ್, ಸಾಕುವ ಫಾರ್ಮ್‌ಗಳಲ್ಲಿ ತಾವಾಗಿ ಸತ್ತವನ್ನು ತೆಗೆದುಕೊಳ್ಳುತ್ತಾರೆ. ಅವರ ಕಾಯ್ದೆ ಬೇರೆ, ನಮ್ಮದು ಬೇರೆ. ನಮ್ಮ ದೇಶದಲ್ಲೂ ಮುಂಬೈನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2009ರಿಂದ ಟ್ಯಾಕ್ಸಿಡರ್ಮಿ ಕೇಂದ್ರ ಇದೆ, ಪಶುವೈದ್ಯ ಡಾ. ಸಂತೋಷ್ ಗಾಯಕ್ವಾಡ್ ಕಟ್ಟಿದ್ದು. ಅಲ್ಲಿ ಸತ್ತ ಹುಲಿ, ಚಿರತೆಗಳು ಮಕ್ಕಳಿಗೆ ತೋರಿಸಲು ಮ್ಯೂಸಿಯಂಗೆ ಹೋಗುತ್ತವೆ. ಸೋಫಾದ ಮೇಲಿನ ಗೋಡೆಗೆ ಹೋಗಲ್ಲ.

ಸರಿ, ಅಸಲಿ ಬೇಡ, ನಕಲಿ ಹಾಕೋಣ ಅಂತೀರಿ. ಫೈಬರ್, ರೆಸಿನ್ ತಲೆಗಳಿಗೆ ಯಾವ ಕಾಯ್ದೆಯೂ ಅಡ್ಡ ಬರಲ್ಲ. ನಾನೇ ಎಷ್ಟೋ ಮನೆಗೆ ಹಾಕಿಕೊಟ್ಟಿದ್ದೇನೆ, ಚಿನ್ನದ ಬಣ್ಣದ್ದು, ಬಿಳಿಯದ್ದು, ಮ್ಯಾಟ್ ಕಪ್ಪು. ನನ್ನ ತಕರಾರು ಬೇರೆ. ಅದು ಯಾವ ಪ್ರಾಣಿ? ಆ ಕೊಂಬಿನ ಕವಲು ಎಣಿಸಿ ನೋಡಿ. ಒಂದೊಂದು ಕೊಂಬಿಗೆ ಐದು, ಆರು ಇರುತ್ತವೆ. ನಮ್ಮ ಕಡವೆಗೂ ಚುಕ್ಕೆ ಜಿಂಕೆಗೂ ಸಾಮಾನ್ಯವಾಗಿ ಮೂರು ಮೂರೇ. ಚಿಗರಿಗಂತೂ ಕವಲೇ ಇಲ್ಲ. ಆ ರೆಸಿನ್ ತಲೆ ಯುರೋಪಿನ ಕೆಂಪು ಜಿಂಕೆಯದ್ದು. ಸ್ಕಾಟ್ಲೆಂಡಿನ ಚಳಿ ಗುಡ್ಡದ ಪ್ರಾಣಿ ಮೇ ತಿಂಗಳ ಕಲಬುರಗಿಯಲ್ಲಿ, ಎಸಿ ಯೂನಿಟ್ ಪಕ್ಕದಲ್ಲಿ, ಚಿನ್ನದ ಬಣ್ಣ ಬಳಿಸಿಕೊಂಡು ನೇತಾಡುತ್ತಿದೆ. ಮನೆಯವರನ್ನು ಕೇಳಿದರೆ "ಜಿಂಕಿ ಅದರಿ" ಅಂತಾರೆ.

ಅದೇ ಮನೆಯಿಂದ ಒಂದೆರಡು ತಾಸು ಗಾಡಿ ಓಡಿಸಿದರೆ ಅಸಲಿ ಚಿಗರಿ ಬಯಲಲ್ಲಿ ಓಡಾಡುತ್ತಿರುತ್ತದೆ! ಬೀದರ್ ಜಿಲ್ಲೆಯ ಹೊಲಗಳಲ್ಲಿ ಬೆಳಗಿನ ಹೊತ್ತು ಹಿಂಡಾಗಿ ಕಾಣುತ್ತವೆ. ಚಿಂಚೋಳಿಯಲ್ಲಿ 2011ರಲ್ಲಿ ವನ್ಯಜೀವಿ ಧಾಮ ಆಗಿದೆ, ನಮ್ಮ ಜಿಲ್ಲೆಯ ಎಷ್ಟೋ ಜನ ಅದರ ಹೆಸರು ಕೇಳಿರುವುದು ಚಂದ್ರಂಪಳ್ಳಿ ಡ್ಯಾಮಿಗೆ ಪಿಕ್ನಿಕ್ ಹೋದಾಗ ಮಾತ್ರ. ಚಿಗರಿ ಅಂದರೆ ರೈತರಿಗೆ ಸಿಟ್ಟು, ಅದೂ ಗೊತ್ತು. ಜೋಳ, ಹೆಸರು ಮೊಳಕೆಯೊಡೆದು ಎದ್ದ ಕೂಡಲೇ ಹಿಂಡು ನುಗ್ಗಿ ತಿಂದು ಹೋಗುತ್ತದೆ, ರಾತ್ರಿಯೆಲ್ಲ ಕಾಯಬೇಕು, ಪರಿಹಾರಕ್ಕೆ ಅರ್ಜಿ ಹಾಕಿ ಓಡಾಡಬೇಕು. ಅವರು ಬೈಯುವುದರಲ್ಲಿ ತಪ್ಪಿಲ್ಲ. ಒಂದು ಕಾಲಕ್ಕೆ ಈ ಚಿಗರಿಯನ್ನು ಬೇಟೆಯಾಡಲು ದೊರೆಗಳು ಪಳಗಿಸಿದ ಚೀತಾ ಬಿಡುತ್ತಿದ್ದರು. ಚೀತಾ ನಮ್ಮ ದೇಶದಿಂದಲೇ ಅಳಿದು, 1952ರಲ್ಲಿ ಅದನ್ನು ಸರ್ಕಾರವೇ ಸಾರಬೇಕಾಯಿತು, ಈಗ ಆಫ್ರಿಕಾದಿಂದ ತರಿಸುತ್ತಿದ್ದೇವೆ. ಬೇಟೆಗೆ ಸಿಕ್ಕಿದ ಚಿಗರಿ ಮಾತ್ರ ಇನ್ನೂ ನಮ್ಮ ಜೋಳ ತಿನ್ನುತ್ತಿದೆ.

ಹಾಗಾಗಿ ನಾನು ಗಿರಾಕಿಗಳಿಗೆ ಹೇಳುವುದು ಇಷ್ಟು. ಗೋಡೆ ಮೇಲೆ ಪ್ರಾಣಿ ಬೇಕಾ, ನಮ್ಮ ಸೀಮೆಯದ್ದು ಹಾಕಿ. ಬೀದರಿ ಕೆಲಸದವರು ನಮ್ಮ ಪಕ್ಕದಲ್ಲೇ ಇದ್ದಾರೆ. ಸತು ಜಾಸ್ತಿ, ತಾಮ್ರ ಸ್ವಲ್ಪ ಹಾಕಿ ಎರಕ ಹೊಯ್ದು, ಉಳಿಯಿಂದ ಕೆತ್ತಿ, ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಲ್ಲಿ ಹಾಕಿದರೆ ಲೋಹ ಮಸಿಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈಗ ಗಂಡು ಚಿಗರಿಯನ್ನು ನೆನೆಸಿಕೊಳ್ಳಿ. ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕಣ್ಣಿನ ಸುತ್ತ ಬಿಳಿ ಉಂಗುರ. ಬೀದರಿಗೆ ಅಂತಲೇ ಹುಟ್ಟಿದ ಪ್ರಾಣಿ! ಕೊಂಬಿನ ಒಂದೊಂದು ಉಂಗುರಕ್ಕೂ ಒಂದೊಂದು ಬೆಳ್ಳಿ ಎಳೆ ಕೂರಿಸಿದರೆ ಹೇಗಿರುತ್ತದೆ? ಪೂರ್ತಿ ತಲೆ ಎರಕ ಹೊಯ್ದರೆ ಭಾರ ಜಾಸ್ತಿ, ಈಗಿನ ಹಗುರ ಬ್ಲಾಕ್ ಗೋಡೆಗೆ ಮಾಮೂಲಿ ಮೊಳೆ ತಡೆಯಲ್ಲ. ಅದಕ್ಕೆ ಒಂದೂವರೆ ಅಡಿಯ ಫಲಕ ಸಾಕು, ಕೊಂಬು ಮಾತ್ರ ಮುಂದಕ್ಕೆ ಬರುವ ಹಾಗೆ ಬೇರೆ ಮಾಡಿಸಿ ಕೂರಿಸಬಹುದು, ನೆರಳೂ ಬೀಳುತ್ತದೆ. ಬೀದರಿಗೆ 2006ರಲ್ಲೇ ಜಿಐ ಟ್ಯಾಗ್, ಅಂದರೆ ಆ ಊರಿನದ್ದೇ ಮಾಲು ಅನ್ನುವ ಸರ್ಕಾರಿ ಗುರುತು ಬಂದಿದೆ, 2023ರಲ್ಲಿ ಬೀದರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು, ಆಗ ಎಲ್ಲರೂ ಸ್ಟೇಟಸ್ ಹಾಕಿದರು. ಸ್ಟೇಟಸ್ ಹಾಕಿದವರಲ್ಲಿ ಎಷ್ಟು ಜನ ಒಂದು ಸಾಮಾನು ಕೊಂಡರು? ರೆಸಿನ್ ತಲೆಗಿಂತ ದುಡ್ಡು ಜಾಸ್ತಿ ಬೀಳುತ್ತದೆ, ಸುಳ್ಳು ಹೇಳಲ್ಲ. ಅಗ್ಗದ್ದು ಬೇಕಾದರೆ ಮರದಲ್ಲಿ ಮಾಡಿಸಿ, ಇಲ್ಲವೇ ನಮ್ಮ ಹುಡುಗರು ತೆಗೆದ ಒಂದು ಒಳ್ಳೆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ.

ಕೊಂಬೇ ಬೇಕು, ಅಸಲಿಯೇ ಬೇಕು ಅಂತ ಹಟ ಹಿಡಿದವರಿಗೂ ದಾರಿ ಇದೆ. ಈ ಕಾಯ್ದೆ ಇರುವುದು ಕಾಡುಪ್ರಾಣಿಗೆ, ಟಗರಿನ ಕೊಂಬಿಗೋ ಎಮ್ಮೆ ಕೊಂಬಿಗೋ ಅಲ್ಲ. ಚೆನ್ನಾಗಿ ಉಜ್ಜಿ ಎಣ್ಣೆ ಹಚ್ಚಿದರೆ ಎಮ್ಮೆ ಕೊಂಬಿನ ಹೊಳಪಿಗೆ ಯಾವ ಪಾಲಿಶ್ ಸಮ ಇಲ್ಲ. ಆದರೆ ಇದನ್ನು ಹೇಳಿದರೆ ಗಿರಾಕಿಗಳ ಮುಖ ಸಣ್ಣಗಾಗುತ್ತದೆ. ಎಮ್ಮೆ ಅಂದರೆ ಗಾಂಭೀರ್ಯ ಇಲ್ಲ ನೋಡಿ! ಕಾರ ಹುಣ್ಣಿಮೆಗೆ ದೇವಣಿ ತಳಿಯ ಎತ್ತಿನ ಕೊಂಬಿಗೆ ಬಣ್ಣ ಬಳಿದು, ರಿಬ್ಬನ್ ಕಟ್ಟಿ, ಊರ ತುಂಬ ಮೆರೆಸುವ ನಮಗೆ ಅದೇ ಕೊಂಬು ಮನೆಯೊಳಗೆ ಬೇಡ. ಎತ್ತು ಸತ್ತರೆ ರೈತ ಪೂಜೆ ಮಾಡಿ ಮಣ್ಣು ಮಾಡುತ್ತಾನೆ, ತಲೆ ಕತ್ತರಿಸಿ ಗೋಡೆಗೆ ಹೊಡೆಯಲ್ಲ, ಅದೂ ಸರಿಯೇ.

ಇಷ್ಟೆಲ್ಲ ಬರೆದದ್ದು ನಿಮ್ಮಿಂದ ಎರಡು ಕೆಲಸ ಆಗಲಿ ಅಂತ. ಒಂದು, ಹಳೇ ಟ್ರೋಫಿ ಕೊಳ್ಳಿ ಅಂದ ಮಾತಿಗೆ ತಿದ್ದುಪಡಿ ಹಾಕಿ. ಎರಡು, ಅಜ್ಜ ಮುತ್ತಜ್ಜನ ಕಾಲದ ತಲೆ, ಚರ್ಮ ಮನೆಯಲ್ಲಿ ಇರುವವರು ಏನು ಮಾಡಬೇಕು ಅಂತ ಅರಣ್ಯ ಇಲಾಖೆಯವರನ್ನೇ ಕೇಳಿ ಬರೆಯಿರಿ. ಸರ್ಟಿಫಿಕೇಟ್ ಇದ್ದು, ಇನ್ನು ಇಟ್ಟುಕೊಳ್ಳಲು ಇಷ್ಟ ಇಲ್ಲದವರು ವಾಪಸ್ ಕೊಡಲು 2022ರ ತಿದ್ದುಪಡಿಯಲ್ಲಿ ದಾರಿ ಮಾಡಿದ್ದಾರೆ. ಪರಿಹಾರ ಏನೂ ಸಿಗಲ್ಲ, ಆದರೆ ತಲೆನೋವು ಹೋಗುತ್ತದೆ. ಸರ್ಟಿಫಿಕೇಟ್ ಇಲ್ಲದವರು ಭಯದಿಂದ ರಾತ್ರೋರಾತ್ರಿ ಹಿತ್ತಲಲ್ಲಿ ಸುಡಲು ಹೋಗುತ್ತಾರೆ, ಒಳಗೆ ಪಾಷಾಣ ಇರುವ ಚರ್ಮ ಸುಟ್ಟರೆ ಆ ಹೊಗೆ ಯಾರ ಮೂಗಿಗೆ ಹೋಗುತ್ತದೆ? ಅದನ್ನೂ ಬರೆಯಿರಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯ ಅರಣ್ಯ ಕಚೇರಿಯ ಫೋನ್ ನಂಬರ್ ಜೊತೆಗೆ ಹಾಕಿ. ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ ಹಾಕಬೇಡಿ. ಆ ಫೋಟೋ ಎಷ್ಟು ದೊಡ್ಡದಾಗಿ ಹಾಕಿದ್ದಿರೋ ಅಷ್ಟೇ ದೊಡ್ಡದಾಗಿ ಬರಲಿ.

ಇಂತಿ,
ನಿಮ್ಮ ಓದುಗ, ಇಂಟೀರಿಯರ್ ಕೆಲಸದವ
ಕಲಬುರಗಿ